ಅಣ್ಣನ ಮಾನಪತ್ರ, ನನ್ನ ಸಕ್ಕರೆ ಇಲ್ಲದ ಚಹಾ

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ನೆನಪಿರುವ ಹೊತ್ತುಗಳು ನನ್ನ ಬದುಕಿನಲ್ಲಿ ಬಹಳ ಇಲ್ಲ. ನನ್ನ ಮದುವೆಯ ಮುಹೂರ್ತ ಕೇಳಿದರೆ ಲಗ್ನಪತ್ರಿಕೆ ಹುಡುಕಬೇಕಾಗುತ್ತದೆ. ಮಗಳು ಹುಟ್ಟಿದ ಹೊತ್ತು ಕೇಳಿದರೆ 'ಬೆಳಗಿನ ಜಾವ' ಎಂದು ತೇಲಿಸಿಬಿಡುತ್ತೇನೆ. ಈ ನಾಲ್ಕು ಇಪ್ಪತ್ತು ಮಾತ್ರ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿದೆ, ಏಕೆಂದರೆ ಆಗ ನಾನು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ. ಯಾಕೆ ನೋಡುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಚಹಾ ಇನ್ನೂ ಬಂದಿರಲಿಲ್ಲ.

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಇಷ್ಟು ದಿನ ಕಾದೆ. ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನಡುನಡುವೆ ನಗು ಬಂದರೆ ಅದು ನನ್ನ ತಪ್ಪಲ್ಲ, ನಮ್ಮ ಮನೆಯವರ ತಪ್ಪು.

ನಾನು ಮಹಾರಾಷ್ಟ್ರದ ಸಾಂಗ್ಲಿಯ ವಿಶ್ರಾಮಬಾಗದ ಒಂದು ಜೂನಿಯರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ತವರುಮನೆ ಮಿರಜಿನಲ್ಲಿ, ಆಟೋದಲ್ಲಿ ಇಪ್ಪತ್ತು ನಿಮಿಷ. ಹನ್ನೊಂದು ತಿಂಗಳ ಹಿಂದೆ ಅಪ್ಪನಿಗೆ ಲಕ್ವಾ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಯಿತು. ಅಂದಿನಿಂದ ನಾನು ಪ್ರತಿ ಭಾನುವಾರ ತಪ್ಪದೆ ಅಪ್ಪನ ಸೇವೆಗೆ ಹೋಗುತ್ತಿದ್ದೆ. ನನ್ನ ಸೇವೆಯ ಕ್ರಮ ಹೀಗಿತ್ತು. ಮೂರು ಗಂಟೆಗೆ ಭಡಂಗದ, ಅಂದರೆ ಖಾರ ಚುರುಮುರಿಯ, ಪೊಟ್ಟಣ ಹಿಡಿದು ಆಟೋ ಇಳಿಯುವುದು. ಅಪ್ಪನ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು "ಅಪ್ಪಾ, ಆರಾಮ ಅದಿ?" ಎಂದು ಕೇಳುವುದು. ಅಪ್ಪ ಸೊಟ್ಟಗಾದ ಬಾಯಿಯಿಂದ ಏನೋ ಅನ್ನುವುದು. ಅದು ನನಗೆ ತಿಳಿಯದೆ ನಾನು ವೈನಿಯನ್ನು ಕೂಗುವುದು. ಗಿರಿಜಾ ವೈನಿ, ಅಂದರೆ ನನ್ನ ಅಣ್ಣ ಬಸವರಾಜನ ಹೆಂಡತಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ನೀರ ಬೇಕಂತ ಶೈಲಕ್ಕ" ಎಂದು ಅರ್ಥ ಹೇಳುವುದು. ಆ ನೀರನ್ನೂ ಚಮಚದಲ್ಲಿ ಅವರೇ ಕುಡಿಸುವುದು. ಆಮೇಲೆ ನನಗೆ ಚಹಾ. ಆರಕ್ಕೆ ವಾಪಸು ಆಟೋ. ವಾರವಿಡೀ ಸ್ಟಾಫ್ ರೂಮಿನಲ್ಲಿ, "ರವಿವಾರ ಮಾತ್ರ ನನ್ನ ಕರೀಬ್ಯಾಡ್ರಿ, ಅಪ್ಪನ ಸೇವಾ ಇರ್ತೈತಿ" ಎಂದು ನಿಟ್ಟುಸಿರು ಬಿಡುವುದು. ಆ ನಿಟ್ಟುಸಿರನ್ನು ನಾನು ಚೆನ್ನಾಗಿ ರೂಢಿ ಮಾಡಿಕೊಂಡಿದ್ದೆ.

ಆ ಭಾನುವಾರ ನಮ್ಮ ಸಮಾಜದ ಮಂಡಳದಿಂದ ಶಿವಪ್ಪ ಕಾಕಾ ಬಂದಿದ್ದರು. ಮಂಡಳದ ಕಾರ್ಯದರ್ಶಿ. ಎಪ್ಪತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಟೋಪಿ, ಬಗಲಲ್ಲಿ ಯಾವಾಗಲೂ ಒಂದು ಫೈಲು. ಮಂಡಳದವರು ಈ ವರ್ಷ 'ಆದರ್ಶ ಪುತ್ರ' ಎಂದು ಒಬ್ಬರಿಗೆ ಸತ್ಕಾರ ಮಾಡಬೇಕೆಂದು ಠರಾವು ಮಾಡಿದ್ದರಂತೆ. ತಲೆಗೆ ಫೇಟಾ, ಹೆಗಲಿಗೆ ಶಾಲು, ಕೈಗೆ ತೆಂಗಿನಕಾಯಿ, ಜೊತೆಗೆ ಚೌಕಟ್ಟು ಹಾಕಿಸಿದ ಮಾನಪತ್ರ. ಅದಕ್ಕೆ ಆರಿಸಿದ್ದು ನನ್ನ ಅಣ್ಣನನ್ನು. ಅಣ್ಣನಿಗೆ ಸಾಂಗ್ಲಿ ಪೇಟೆಯಲ್ಲಿ ಅರಿಷಿಣದ ಅಡತಿ ಅಂಗಡಿ, ದಲಾಲಿ ವ್ಯಾಪಾರ. ಹನ್ನೊಂದು ತಿಂಗಳಿಂದ ಪೇಟೆಯಲ್ಲಿ ಎದುರಾದವರಿಗೆಲ್ಲ, "ಅಪ್ಪನ್ನ ಎಲ್ಲೂ ಕಳಸಿಲ್ಲ, ಮನ್ಯಾಗ ಇಟಗೊಂಡೇನಿ, ಎಲ್ಲಾ ನಾವ ಮಾಡ್ತೀವಿ" ಎಂದು ಹೇಳಿದ್ದ. ಪೇಟೆ ನಂಬಿತ್ತು. ಮಂಡಳವೂ ನಂಬಿತ್ತು.

"ಮಾನಪತ್ರ ಮರಾಠಿಯೊಳಗ ಆಗಬೇಕು, ಛಂದ ಆಗಬೇಕು," ಎಂದರು ಕಾಕಾ. "ಶೈಲಾ ಸಾಲಿ ಕಲ್ತಾಕಿ, ಆಕೀನ ಬರೀಲಿ." ನಾನು ಹಿಗ್ಗಿದೆ. ಪೆನ್ನು ತೆಗೆದು ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತೆ. ವೈನಿ ಎಲ್ಲರಿಗೂ ನೀರು ಕೊಟ್ಟು ಚಹಾ ಇಡಲು ಒಳಗೆ ಹೋದರು. ಕಾಕಾ ಫೈಲು ಬಿಚ್ಚಿ ಪ್ರಶ್ನೆ ಶುರು ಮಾಡಿದರು.

"ಹಾಂ ಬಸೂ, ಹೇಳಪಾ. ಮುಂಜಾನೆ ಎದ್ದಕೂಡಲೇ ಅಪ್ಪಾರದು ಮೊದಲ ಏನ ಮಾಡ್ತಿ?"

ಅಣ್ಣ ಛಾವಣಿ ನೋಡಿದ. ಫ್ಯಾನು ನೋಡಿದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಏ, ಮುಂಜಾನೆ ಅಪ್ಪಗ ಮೊದಲ ಏನ ಮಾಡ್ತೀವಿ?" ಎಂದು ಕೂಗಿದ.

"ಚಾದರ ಬದಲಸ್ತೀನ್ರಿ," ಒಳಗಿನಿಂದ ವೈನಿ. "ಮೈ ಒರಸ್ತೀನಿ. ಬೆನ್ನಿಗೆ ಪೌಡರ್ ಹಚ್ತೀನಿ."

"ಚಾದರ ಬದಲಸ್ತೀವಿ ಕಾಕಾ, ಮೈ ಒರಸ್ತೀವಿ, ಪೌಡರ್ ಹಚ್ತೀವಿ."

ನಾನು ಮರಾಠಿಯಲ್ಲಿ ಹೀಗೆ ಬರೆದೆ: 'ಪ್ರತಿದಿನ ಬೆಳಿಗ್ಗೆ ಸ್ವಹಸ್ತದಿಂದ ತಂದೆಯವರ ಹಾಸಿಗೆ ಬದಲಿಸಿ, ಮೈ ಶುಚಿಗೊಳಿಸಿ...' ಸ್ವಹಸ್ತ ಎನ್ನುವುದು ನಾನೇ ಸೇರಿಸಿದ ಅಲಂಕಾರ. ಅಣ್ಣ ಅಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ವಿದ್ಯಾವಂತ ತಂಗಿ ಹೇಳಿದಳು.

"ಗುಳಿಗಿ ಎಷ್ಟ?"

"ಏ, ಗುಳಿಗಿ ಎಷ್ಟ?"

"ಮುಂಜಾನೆ ನಾಕು, ಮಧ್ಯಾಹ್ನ ಒಂದು, ಸಂಜಿಕ್ಕ ಮೂರು. ಬಿಳೇದು ಮಾತ್ರ ಊಟಕ್ಕಿಂತ ಮೊದಲ."

"ಎಂಟು ಕಾಕಾ," ಎಂದ ಅಣ್ಣ, ಕೂಡಿಸಿದ್ದು ತನ್ನದೇ ಎಂಬ ಸಮಾಧಾನದಿಂದ.

ಇಲ್ಲಿ ಅಣ್ಣನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ದಡ್ಡನಲ್ಲ. ಒಂದು ಅರಿಷಿಣ ಕೊಂಬನ್ನು ಕಿವಿಯ ಹತ್ತಿರ ಹಿಡಿದು ಲಟಕ್ಕೆಂದು ಮುರಿದು, ಆ ಸಪ್ಪಳದ ಮೇಲೆ ಅದು ಎಷ್ಟು ಒಣಗಿದೆ, ಇನ್ನೂ ಎಷ್ಟು ದಿನ ಬಿಸಿಲಿಗೆ ಹಾಕಬೇಕು ಎಂದು ಹೇಳಬಲ್ಲ. ಐವತ್ತು ಚೀಲಗಳ ನಡುವೆ ಒಂದು ಹಸಿ ಚೀಲವನ್ನು ಮೂಗಿನಿಂದ ಹುಡುಕಬಲ್ಲ. ಇಂಥ ಕಿವಿ, ಇಂಥ ಮೂಗು ಇರುವ ಮನುಷ್ಯನಿಗೆ ಪಕ್ಕದ ಕೋಣೆಯಲ್ಲಿ ಅಪ್ಪ ನರಳಿದ್ದು ಕೇಳಿಸುವುದಿಲ್ಲ, ಚಾದರ ಒದ್ದೆಯಾದದ್ದು ಮೂಗಿಗೆ ಬಡಿಯುವುದಿಲ್ಲ. ಇದು ಅಂಗದೋಷ ಅಲ್ಲ. ಕಿವಿ ಮೂಗು ಎರಡನ್ನೂ ಪೇಟೆಯಲ್ಲಿ ಬಿಟ್ಟು ಮನೆಗೆ ಬರುವ ಹಕ್ಕು ತನಗುಂಟು ಎಂದು ಅವನು ನಂಬಿದ್ದ. ನಾವೂ ಅವನಿಗೆ ಹಾಗೆ ನಂಬಿಸಿದ್ದೆವು.

"ರಾತ್ರಿ ಹೆಂಗ?" ಎಂದು ಕೇಳಿದರು ಕಾಕಾ. "ಮಲಗಿದಲ್ಲೇ ಮಲಗಿದ್ರ ಬೆನ್ನ ಹುಣ್ಣ ಆಗ್ತದ ಅಂತಾರಲ್ಲ."

"ಏ ಗಿರಿಜಾ, ರಾತ್ರಿ ಎಷ್ಟ ಸಲ ಮಗ್ಗಲಾ ಬದಲಸ್ತೀವಿ?"

ಉತ್ತರ ಬರಲಿಲ್ಲ.

"ಏ ಗಿರಿಜಾ!"

ಇಲ್ಲ. ಅಣ್ಣ ನಕ್ಕು, "ಹಿತ್ತಲಕ್ಕ ಹೋಗ್ಯಾಳ ಕಾಣಸ್ತೈತಿ. ಬರಕೋ ಶೈಲಾ, ಎರಡ ತಾಸಿಗೊಮ್ಮೆ ಅಂತ ಬರಕೋ, ಡಾಕ್ಟರ್ ಹಂಗ ಹೇಳಿದ್ರು" ಎಂದ. ನಾನು ಬರೆದುಕೊಂಡೆ. ಗಡಿಯಾರ ನೋಡಿದೆ. ನಾಲ್ಕು ಇಪ್ಪತ್ತು. ಎದ್ದು ಅಡುಗೆಮನೆಗೆ ಹೋದೆ.

ಈಗ ನಮ್ಮ ಬಂಧುಬಳಗದಲ್ಲಿ ಹಬ್ಬಿರುವ ಕಥೆ ಏನೆಂದರೆ, ಶೈಲಾಗೆ ಏನೋ ಸಂಶಯ ಬಂತಂತೆ, ಮನಸ್ಸು ಕಸಿವಿಸಿ ಆಯಿತಂತೆ, ಓಡಿಹೋಗಿ ವೈನಿಯನ್ನು ಉಳಿಸಿದಳಂತೆ. ಸುಳ್ಳು. ನನಗೆ ಯಾವ ಸಂಶಯವೂ ಬಂದಿರಲಿಲ್ಲ. ನನ್ನ ಚಹಾಕ್ಕೆ ಸಕ್ಕರೆ ಹಾಕಬೇಡಿ ಎಂದು ಹೇಳುವುದು ಮರೆತಿತ್ತು. ಅದನ್ನು ಹೇಳಲು ಹೋದೆ.

ವೈನಿ ನಿಂತಲ್ಲೇ ನಿದ್ದೆ ಹೋಗಿದ್ದರು. ಒಲೆಯ ಕಟ್ಟೆಗೆ ಎಡಗೈ ಊರಿದ್ದರು, ಡಬ್ಬಿಗಳ ಹಲಗೆಗೆ ಹಣೆ ಆನಿಸಿದ್ದರು, ಕಣ್ಣು ಮುಚ್ಚಿತ್ತು. ಮುಖದಲ್ಲಿ ಅಷ್ಟು ನೆಮ್ಮದಿ ನಾನು ಯಾವತ್ತೂ ನೋಡಿರಲಿಲ್ಲ. ಸೆರಗು ಜಾರಿ ಒಲೆಯ ಮೇಲೆ ಬಿದ್ದಿತ್ತು. ಅದರ ಅಂಚಿನಲ್ಲಿ ಬೆಂಕಿ ನಿಧಾನವಾಗಿ, ಅವಸರವೇ ಇಲ್ಲದ ಹಾಗೆ, ಕೈಯ ಕಡೆ ಏರುತ್ತಿತ್ತು.

ಪ್ರತಿ ವರ್ಷ ಪ್ರಯೋಗಶಾಲೆಯ ಮೊದಲ ತಾಸಿನಲ್ಲಿ ನಾನು ಮಕ್ಕಳಿಗೆ ಕಲಿಸುವುದು ಇದನ್ನೇ. ಬಟ್ಟೆಗೆ ಬೆಂಕಿ ಹತ್ತಿದರೆ ಏನು ಮಾಡಬೇಕು, ಕಂಬಳಿ ಎಲ್ಲಿದೆ, ಮರಳಿನ ಬಕೆಟ್ ಎಲ್ಲಿದೆ, ಗಾಬರಿಯಾಗಬಾರದು, ಬುದ್ಧಿ ಓಡಿಸಬೇಕು. ಇಷ್ಟು ವರ್ಷ ಕಲಿಸಿದವಳು ಬಾಯಲ್ಲಿ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕಂಬದ ಹಾಗೆ ನಿಂತೆ. ಎಷ್ಟು ಹೊತ್ತು ನಿಂತೆ ಎಂಬುದನ್ನೇ ನಾನು ಇವತ್ತಿಗೂ ಲೆಕ್ಕ ಹಾಕುತ್ತಿರುತ್ತೇನೆ. ಎರಡು ಸೆಕೆಂಡೋ, ಐದೋ. ಕೊನೆಗೆ ಮುಚ್ಚಳ ಉಗುಳಿ "ವೈನೀ!" ಎಂದು ಕಿರುಚಿದೆ. ವೈನಿ ಕಣ್ಣು ತೆರೆದರು, ಸೆರಗು ನೋಡಿದರು, ಕೈ ನೋಡಿದರು. ಕಿರುಚಲಿಲ್ಲ. ಅಪ್ಪನ ಒದ್ದೆ ಚಾದರ ನೋಡಿದಷ್ಟೇ ಶಾಂತವಾಗಿ ನೋಡಿ, ತೋಳು ಸೆರಗು ಎರಡನ್ನೂ ನಲ್ಲಿಯ ಕೆಳಗೆ ತುರುಕಿ ನೀರು ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಶೈಲಕ್ಕ, ಚಹಾ ಉಕ್ಕತೈತಿ ನೋಡ್ರಿ."

ನಾನು ಗ್ಯಾಸು ಆರಿಸಿದೆ. ಹನ್ನೊಂದು ತಿಂಗಳಲ್ಲಿ ಆ ಅಡುಗೆಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಅದು.

ಆಮೇಲಿನದು ಗದ್ದಲ. ಕಾಕಾ ಬಾಗಿಲಲ್ಲಿ ನಿಂತು "ಟೂತ್‌ಪೇಸ್ಟ್ ಹಚ್ಚರಿ, ಟೂತ್‌ಪೇಸ್ಟ್" ಎಂದು ಕೂಗಿದರು. ಅಣ್ಣ ಓಡಿಹೋಗಿ ಪೇಟೆಯ ಸ್ಯಾಂಪಲ್ ಅರಿಷಿಣದ ಚೀಲವನ್ನೇ ಎತ್ತಿಕೊಂಡು ಬಂದ, ಒಳ್ಳೆಯ ಮಾಲು. ನಾನು ಇಬ್ಬರನ್ನೂ ಬೈದು ಆಚೆ ನೂಕಿ, ಸುಟ್ಟ ತೋಳನ್ನು ಇಪ್ಪತ್ತು ನಿಮಿಷ ನಲ್ಲಿಯ ಕೆಳಗೇ ಹಿಡಿದೆ. ಆ ಇಪ್ಪತ್ತು ನಿಮಿಷ ವೈನಿ ನನ್ನ ಹೆಗಲಿಗೆ ತಲೆಯಿಟ್ಟು ಮತ್ತೆ ತೂಕಡಿಸಿದರು.

ದವಾಖಾನೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪಟ್ಟಿ ಕಟ್ಟುತ್ತ, ಪೂರ್ತಿ ರಾತ್ರಿ ನಿದ್ದೆ ಮಾಡಿ ಎಷ್ಟು ದಿನ ಆಯಿತು ಎಂದು ಮರಾಠಿಯಲ್ಲಿ ಕೇಳಿದಳು. ವೈನಿ ನನ್ನ ಕಡೆ ನೋಡಿ, "ದಸರಾದಾಗ ಮಲಗಿದ್ದೆ ಅಲ್ಲೇನ್ರಿ?" ಎಂದರು. ದಸರಾ ಇನ್ನೂ ಮುಂದಿತ್ತು. ಅವರು ಹೇಳುತ್ತಿದ್ದದ್ದು ಹಿಂದಿನ ವರ್ಷದ ದಸರಾ. ಡಾಕ್ಟರಮ್ಮ ಎಡಗೈ ಮೂರು ವಾರ ನೀರಿಗೆ ತಾಗಬಾರದು, ಭಾರ ಎತ್ತಬಾರದು, ನಿದ್ದೆ ಬೇಕೇ ಬೇಕು ಎಂದು ಬರೆದುಕೊಟ್ಟಳು. ಇನ್ನೊಂದು ಸಲ ಹೀಗೆ ಒಲೆಯ ಮುಂದೆ ತೂಕಡಿಸಿದರೆ ಪಟ್ಟಿ ಕಟ್ಟಲು ಕೈ ಉಳಿಯಲಿಕ್ಕಿಲ್ಲ ಎಂದು ನನ್ನೊಬ್ಬಳಿಗೇ ಕೇಳುವ ಹಾಗೆ ಹೇಳಿದಳು.

ಮನೆಗೆ ಬಂದೆವು. ಅಪ್ಪನ ಕಾವಲಿಗೆಂದು ಉಳಿದಿದ್ದ ಕಾಕಾ ಫೈಲು ಹಿಡಿದು ಇನ್ನೂ ಹೊರಗೇ ಕೂತಿದ್ದರು. ಅಪ್ಪನ ಚಾದರ ಒದ್ದೆಯಾಗಿ ತಾಸಾಗಿತ್ತು. ಇನ್ನು ಮೂರು ವಾರ ಅಪ್ಪನದು ಯಾರು ಮಾಡುವುದು ಎಂಬ ಪ್ರಶ್ನೆ ಬಂತು. ಅಣ್ಣ ಗಂಭೀರವಾಗಿ ಯೋಚಿಸಿದ. ಅವನ ಬಾಯಿಂದ ಬಂದ ಹೆಸರುಗಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೊದಲು, "ಬೇಡಗದಿಂದ ಗಿರಿಜಾನ ಅವ್ವನ್ನ ಕರಸೂಣೇನು?" ಆಕೆಗೆ ಕಣ್ಣಿನ ಪೊರೆ, ಬಾಗಿಲು ಯಾವುದು ಕಿಟಕಿ ಯಾವುದು ಎಂದು ಕೈಯಿಂದ ತಡವಿ ನೋಡುತ್ತಾಳೆ. ಆಮೇಲೆ, "ಸಾಂಗ್ಲಿವಾಡಿ ಮಾವಶಿ?" ತೀರಿಹೋದ ನಮ್ಮ ಅವ್ವನ ತಂಗಿ ಈ ಮಾವಶಿಗೆ ಎಪ್ಪತ್ತೆರಡು, ಎರಡೂ ಮಂಡಿಗೆ ಆಪರೇಷನ್ ಆಗಿ ಕೋಲು ಹಿಡಿದು ನಡೆಯುತ್ತಾಳೆ. ಆಮೇಲೆ, "ಶೈಲಾ, ನಿನಗ ಮೂರ ವಾರ ರಜಾ ಸಿಗ್ತೈತೇನು?" ಕುರುಡಿ ಆಯಿತು, ಕುಂಟಿ ಆಯಿತು, ನೌಕರಿ ಮಾಡುವವಳಾಯಿತು. ಎದುರಿಗೆ ಐವತ್ತರ ಗಟ್ಟಿಮುಟ್ಟಾದ ಗಂಡಸೊಬ್ಬ ಕೂತಿದ್ದ. ಎರಡು ಕೈ, ಎರಡು ಕಾಲು, ಎರಡು ಕಣ್ಣು. ಅವನ ಹೆಸರು ಅವನಿಗೇ ಹೊಳೆಯಲಿಲ್ಲ.

ನನಗೆ ಬಂದ ಸಿಟ್ಟು ಎಲ್ಲಿಂದ ಬಂತೋ ತಿಳಿಯದು. ಮೇಜಿನ ಮೇಲಿದ್ದ ಮಾನಪತ್ರದ ಕರಡು ಎತ್ತಿಕೊಂಡೆ, ಹಿಟ್ಟಿನ ಅಂಟು ಹಚ್ಚಿ ಅಪ್ಪನ ಕೋಣೆಯ ಬಾಗಿಲಿಗೆ ಬಡಿದೆ.

"ಅಣ್ಣಾ, ಇದನ್ನ ಓದು. ಇದರಾಗ ಬರದದ್ದೆಲ್ಲಾ ನೀ ಮಾಡಬೇಕು. ನಾಳೆಯಿಂದ ಅಲ್ಲ, ಈಗಿಂದ. ಸತ್ಕಾರಕ್ಕ ಮೂರ ವಾರ ಐತಿ. ಅಲ್ಲೀತನಕ ಒಂದ ಸಾಲಾದರೂ ಖೊಟ್ಟಿ ಉಳದ್ರ, ನಾ ವ್ಯಾಸಪೀಠ ಹತ್ತಿ ಮೈಕ್ ಹಿಡೀತೀನಿ."

"ಹುಚ್ಚ ಹಿಡದೈತೇನು ನಿನಗ? ಅಂಗಡಿ ಯಾರ ನೋಡ್ಯಾರ?"

"ಮುನೀಮ ಅದಾನಲ್ಲ. ವೈನಿಗೆ ಮುನೀಮ ಇದ್ನೇನು?"

"ಇದು ಗಂಡಸರ ಮಾಡೂ ಕೆಲಸಲ್ಲ ಶೈಲಾ."

"ಹಂಗಾರ ಸತ್ಕಾರ ಗಂಡಸರಿಗೆ ಯಾಕ?"

ಅಣ್ಣ ಕಾಕಾನ ಕಡೆ ನೋಡಿದ. ಕಾಕಾ ಟೋಪಿ ತೆಗೆದು ಒಳಗೆ ಏನೋ ಹುಡುಕುತ್ತಿದ್ದರು. ಕೊನೆಗೆ, "ಮಾನಪತ್ರ ಅಂದ್ರ... ಖರೇ ಇರಬೇಕು ಬಸೂ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಚಹಾ ಕುಡಿಯಲಿಲ್ಲ.

'ಸ್ವಹಸ್ತ'ದ ಅಲಂಕಾರ ನನ್ನದಾದ್ದರಿಂದ ನನಗೂ ಶಿಕ್ಷೆಯ ಪಾಲು ಬರಬೇಕಲ್ಲ. ಶನಿವಾರ ರಾತ್ರಿ ಮತ್ತು ಭಾನುವಾರ ಪೂರ್ತಿ ನನ್ನ ಪಾಳಿ, ಉಳಿದದ್ದೆಲ್ಲ ಅಣ್ಣನದು ಎಂದು ಠರಾಯಿಸಿದೆವು. ವೈನಿ ಕುರ್ಚಿಯ ಮೇಲೆ ಕೂತು ಹೇಳಿಕೊಡಬೇಕು, ಮುಟ್ಟಬಾರದು. ಮೊದಲ ದಿನ ಅಣ್ಣ ಕೈ ತೋಯಿಸಿಯೂ ನೋಡದೆ ಬಿಸಿನೀರಿನ ಬಟ್ಟೆಯನ್ನು ಅಪ್ಪನ ಬೆನ್ನಿಗೆ ಇಟ್ಟ. ಅಪ್ಪ ಸರಿಯಿರುವ ಎಡಗೈಯಿಂದ ಅವನ ಕಿವಿ ಹಿಡಿದು ಹಿಂಡಿದರು, ನಲವತ್ತು ವರ್ಷಗಳ ಹಿಂದೆ ಹಿಂಡುತ್ತಿದ್ದ ಹಾಗೆ. ಎರಡನೆಯ ದಿನ ಬಿಳಿ ಗುಳಿಗೆಯನ್ನು ಊಟದ ಮೇಲೆ ಕೊಟ್ಟ. ಮೂರನೆಯ ದಿನ ಚಾದರ ಬದಲಿಸಲು ಅಪ್ಪನನ್ನು ಹಾಸಿಗೆಯಿಂದ ಪೂರ್ತಿ ಎತ್ತಬೇಕು ಎಂದು ತಿಳಿದು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡ. ಮಲಗಿದವರನ್ನು ಒಂದು ಮಗ್ಗಲಿಗೆ ಉರುಳಿಸಿ, ಅರ್ಧ ಹಾಸಿ, ಇನ್ನೊಂದು ಮಗ್ಗಲಿಗೆ ಉರುಳಿಸಿ ಉಳಿದರ್ಧ ಎಳೆಯುವುದು ಎಂಬ ಸಣ್ಣ ಉಪಾಯ ಅವನಿಗೆ ಹೊಳೆಯಲೇ ಇಲ್ಲ. ವೈನಿ ಅದನ್ನು ಯಾರಿಂದ ಕಲಿತರು ಎಂದು ಕೇಳಿದೆ. "ಯಾರ ಕಲಸ್ತಾರ್ರೀ? ಮಾಡಬೇಕಾತು, ಬಂತು" ಎಂದರು. ನನ್ನ ಪಾಳಿಯೇನೂ ಇದಕ್ಕಿಂತ ವೈಭವದ್ದಾಗಿರಲಿಲ್ಲ. ಅಪ್ಪ ಅಂದದ್ದು ನನಗೆ ಅರ್ಥವಾಗದೆ ನೀರು ಕೊಟ್ಟೆ, ದಿಂಬು ಕೊಟ್ಟೆ, ಪತ್ರಿಕೆ ಕೊಟ್ಟೆ. ಅವರು ಕೇಳಿದ್ದು ಕಿಟಕಿ ಮುಚ್ಚು ಅಂತ. ಅಷ್ಟರಲ್ಲಿ ಸಂಜೆಯಾಗಿತ್ತು, ಸೊಳ್ಳೆಗಳೆಲ್ಲ ಒಳಗೆ ಬಂದಿದ್ದವು.

ಆದರೆ ನನ್ನ ಸಿಟ್ಟನ್ನು ಕುದಿಸಿದ್ದು ಇದಲ್ಲ. ನಾಲ್ಕನೆಯ ದಿನದಿಂದ ಓಣಿಯವರು ಅಣ್ಣನನ್ನು ನೋಡಲು ಬರತೊಡಗಿದರು. ಕಿಟಕಿಯಲ್ಲಿ ನಿಂತು, "ಅಯ್ಯ, ಗಂಡಸಾಗಿ ಅಪ್ಪನ ಮೈ ಒರಸ್ತಾನಲ್ಲ!" ಎಂದು ಗಲ್ಲಕ್ಕೆ ಕೈಯಿಡುವುದು. "ಎಂಥಾ ಮಗ!" "ಪುಣ್ಯಾ ಮಾಡ್ಯಾಳ ಗಿರಿಜಾ, ಇಂಥಾ ಗಂಡ ಸಿಕ್ಕಾನ!" ವೈನಿ ಅದೇ ಕೋಣೆಯಲ್ಲಿ, ಅದೇ ಬೆನ್ನನ್ನು, ಹನ್ನೊಂದು ತಿಂಗಳು ಒರೆಸಿದ್ದರು. ಕಿಟಕಿ ಆಗಲೂ ತೆರೆದೇ ಇತ್ತು. ಒಬ್ಬರೂ ಇಣುಕಿರಲಿಲ್ಲ. ಒಬ್ಬಾಕೆಗೆ ನಾನು ಹೇಳಿಯೇಬಿಟ್ಟೆ, "ಬರ್ರಿ, ಕುಂದ್ರಿ, ಟಿಕೇಟ್ ಹಚ್ಚೇವಿ, ನಾಳೆ ಗಡ್ಡಾ ಮಾಡೂದು ಐತಿ." ಆಕೆ ಇವತ್ತಿಗೂ ನನ್ನ ಹತ್ತಿರ ಮಾತಾಡುವುದಿಲ್ಲ. ವೈನಿ ಮಾತ್ರ ಅಂದು ಪಟ್ಟಿ ಕಟ್ಟಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಮೂರನೆಯ ವಾರದ ಶುಕ್ರವಾರ ಸತ್ಕಾರವೂ ನಡೆಯಿತು. ವೇದಿಕೆಯ ಮೇಲೆ ಕೇಸರಿ ಫೇಟಾ ಸುತ್ತಿಕೊಂಡ ಅಣ್ಣ ದೊಡ್ಡ ಕುರ್ಚಿಯಲ್ಲಿ ಕೂತಿದ್ದ. ಅಧ್ಯಕ್ಷರು ಅವನ ಪಿತೃಭಕ್ತಿಯನ್ನು ಬಣ್ಣಿಸುತ್ತಿದ್ದಂತೆ ಅವನ ತಲೆ ಮೆಲ್ಲಗೆ ಎದೆಗೆ ಇಳಿಯಿತು. ಜನ ಭಾವುಕನಾದ ಎಂದುಕೊಂಡರು. ನಾನು ಮೊದಲ ಸಾಲಿನಲ್ಲಿದ್ದೆ, ಅವನ ಗೊರಕೆ ನನಗೆ ಕೇಳಿಸಿತು. ಹಿಂದಿನ ರಾತ್ರಿ ಅಪ್ಪನಿಗೆ ಹೊಟ್ಟೆ ಕೆಟ್ಟಿತ್ತು. ಮಾನಪತ್ರದ ಸಾಲುಗಳು ನಿಜವಾಗಿದ್ದವು ಎನ್ನುವುದಕ್ಕೆ ಆ ಗೊರಕೆಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನಾನು ಮೈಕು ಕೇಳಲಿಲ್ಲ. ಮೈಕು ಅವನ ಕೈಗೇ ಬಂತು. ಕಣ್ಣುಜ್ಜಿಕೊಂಡು ಎದ್ದು, "ನಾ ಮಾಡಿದ್ದು ಮೂರ ವಾರ. ಅದಕ್ಕ ಹಿಂಗ ಆಗೇತಿ. ಹನ್ನೊಂದ ತಿಂಗಳ ಮಾಡಿದಾಕಿ ಅಲ್ಲಿ ಕುಂತಾಳ" ಎಂದು ಹೇಳಿ ಕೂತುಬಿಟ್ಟ. ಚಪ್ಪಾಳೆ ಬಿತ್ತು. ಯಾರಿಗೆ ಬಿತ್ತು? ಅಣ್ಣನ ದೊಡ್ಡ ಮನಸ್ಸಿಗೆ. ಶಾಲು ಈಗ ಹುಣ್ಣಾಗದಿರಲೆಂದು ಮಡಿಚಿ ಅಪ್ಪನ ಹಿಮ್ಮಡಿಯ ಕೆಳಗಿಟ್ಟಿದೆ. ತೆಂಗಿನಕಾಯಿ ಚಟ್ನಿಯಾಯಿತು, ಯಾರು ತುರಿದರು ಎಂದು ಕೇಳಬೇಡಿ, ಅದು ಮಾನಪತ್ರದಲ್ಲಿ ಇರಲಿಲ್ಲ. ಅಡುಗೆಮನೆಯ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ, ಅಣ್ಣ ಅದನ್ನು ಬಹಳ ಎಚ್ಚರಿಕೆಯಿಂದ ಓದಿಕೊಂಡಿದ್ದ. ಊಟಕ್ಕೆ ಖಾನಾವಳಿಯ ಡಬ್ಬಿ ಬರುತ್ತಿತ್ತು, ಚಹಾ ಮಾತ್ರ ವೈನಿ ಒಂದೇ ಕೈಯಲ್ಲಿ ಮಾಡುತ್ತಿದ್ದರು.

ಇಷ್ಟಾದರೂ ವೈನಿಗೆ ನಿದ್ದೆ ಬರಲಿಲ್ಲ. ರಾತ್ರಿ ಅಪ್ಪನದು ಅಣ್ಣ ನೋಡುತ್ತಿದ್ದ, ಆದರೆ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಐದಕ್ಕೆ ವೈನಿಯ ಕಣ್ಣು ತಾನಾಗಿಯೇ ತೆರೆಯುತ್ತಿತ್ತು. ನನಗೂ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಸೆರಗಿನ ಅಂಚು ಕಾಣುತ್ತಿತ್ತು. ಪ್ರಯೋಗಶಾಲೆಯಲ್ಲಿ ಬರ್ನರ್ ಹಚ್ಚುವ ಕೆಲಸವನ್ನು ಸಹಾಯಕನಿಗೆ ಬಿಡತೊಡಗಿದ್ದೆ. ಅದಕ್ಕೇ ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಫೋನು ಮಾಡುತ್ತಿದ್ದೆ, "ವೈನಿ, ರಾತ್ರಿ ನಿದ್ದಿ ಬಂತೇನ್ರಿ?" ಎಂದು. ಅವರು ಪ್ರತಿದಿನ "ಇಲ್ರಿ ಶೈಲಕ್ಕ" ಎನ್ನುತ್ತಿದ್ದರು. ನಾನು ಅಣ್ಣನನ್ನು ಮನಸ್ಸಿನಲ್ಲೇ ಇನ್ನೊಂದಿಷ್ಟು ಬೈದು ಫೋನು ಇಡುತ್ತಿದ್ದೆ. ಸತ್ಕಾರ ಮುಗಿದ ಸಂಜೆ ವೈನಿ ನನ್ನನ್ನು ಬದಿಗೆ ಕರೆದು, ಬಹಳ ಸಂಕೋಚದಿಂದ ಹೇಳಿದರು: "ಶೈಲಕ್ಕ, ಸಿಟ್ಟ ಮಾಡಬ್ಯಾಡ್ರಿ. ಐದಕ್ಕ ಇವರು ಅಪ್ಪಾರನ್ನ ನೋಡಿದಮ್ಯಾಲ ನನಗ ಭಾಳ ಛಲೋ ನಿದ್ದಿ ಹತ್ತತೈತಿ. ಐದೂವರಿಗೆ ನಿಮ್ಮ ಫೋನ್ ಬರ್ತೈತಿ, ನಿದ್ದಿ ಬಂತೇನು ಅಂತ."

ಮರುದಿನ ನಾನು ಫೋನು ಮಾಡಲಿಲ್ಲ. ಮಾಡದಿರಲು ಎದ್ದು ಕೂಡಬೇಕಾಗಲಿಲ್ಲ, ಮಲಗಿಯೇ ಇದ್ದೆ. ಹಾಗೇ ಗಾಢ ನಿದ್ದೆ ಬಂತು. ಏಳೂವರೆಗೆ ನನ್ನ ಫೋನು ಬಡಿದುಕೊಂಡಿತು. ಅಣ್ಣ, ಪಿಸುಮಾತಿನಲ್ಲಿ.

"ಶೈಲಾ, ಗಿರಿಜಾ ಇನ್ನೂ ಎದ್ದಿಲ್ಲ. ರಾತ್ರಿ ಹತ್ತಕ್ಕ ಮಲಗ್ಯಾಳ, ಒಮ್ಮೆನೂ ಎಚ್ಚರಾಗಿಲ್ಲ. ಎಬ್ಬಸಬಾರದು ಅಂತ ಚಹಾ ನಾನ ಮಾಡಾಕ ಬಂದೇನಿ. ಚಹಾಪುಡಿ ಡಬ್ಬಿ ಎಲ್ಲಿರ್ತೈತಿ?"

ಹೇಳಲು ಬಾಯಿ ತೆರೆದೆ. ಆ ಮನೆಯಲ್ಲಿ ಹುಟ್ಟಿ, ಬೆಳೆದು, ಮದುವೆಯಾಗಿ ಹೋದ ಮೇಲೂ ವಾರ ವಾರ ಬಂದು ಎಷ್ಟು ಸಾವಿರ ಕಪ್ಪು ಕುಡಿದಿದ್ದೇನೋ. ಹಲಗೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡೆ. ವೈನಿ ಹಣೆ ಆನಿಸಿ ಮಲಗಿದ್ದ ಜಾಗ ನೆನಪಾಯಿತು. ಡಬ್ಬಿ ನೆನಪಾಗಲಿಲ್ಲ. ಅದು ಎಲ್ಲಿರುತ್ತದೆ ಎಂದು ನನಗೂ ಗೊತ್ತಿರಲಿಲ್ಲ.